ದತ್ತ, ಸಾಧನೀಯ, ರಚನೆ, ಸಾಧನೆ: ಜಪಾನಿನ ಒಂದು ಪ್ರವೇಶ ಪರೀಕ್ಷೆಯ ಪ್ರಕರಣ

2023ರ ಸೆಪ್ಟೆಂಬರ್ ಮೊದಲ ವಾರ. ಕ್ಯೂಶು ದ್ವೀಪದ ಒಂದು ರಾಷ್ಟ್ರೀಯ ವಿಶ್ವವಿದ್ಯಾಲಯ ತನ್ನ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಫಲಿತಾಂಶವನ್ನು ಬೆಳಿಗ್ಗೆ ಹತ್ತು ಗಂಟೆಗೆ ಪ್ರಕಟಿಸಿತು. ಅಲ್ಲಿ ಹೆಸರುಗಳಿಲ್ಲ, ಅಂಕಗಳಿಲ್ಲ, ಆಯ್ಕೆಯಾದವರ ನೋಂದಣಿ ಸಂಖ್ಯೆಗಳು ಮಾತ್ರ. ಕೊಡಗಿನಿಂದ ಹೋಗಿ ಆ ಪರೀಕ್ಷೆ ಬರೆದಿದ್ದ ಹುಡುಗಿಯೊಬ್ಬಳ ಹಿಂದಿನ ಸಂಖ್ಯೆ ಇತ್ತು, ಮುಂದಿನದೂ ಇತ್ತು. ಆಕೆಯದು ಇರಲಿಲ್ಲ. ಸ್ವಲ್ಪ ಹೊತ್ತಿಗೆ ನನಗೆ ಆಕೆಯ ಫೋನ್ ಬಂತು.

"ಅಕ್ಕ, ಲೆಕ್ಕಗಳೆಲ್ಲ ಬಂದಿದ್ದವು. ಇಂಟರ್‌ವ್ಯೂನಲ್ಲೂ ತಡವರಿಸಲಿಲ್ಲ. ಎಲ್ಲಿ ಹೋಯಿತು ಅಂತಲೇ ಗೊತ್ತಾಗ್ತಿಲ್ಲ."

ಎಲ್ಲಿ ಹೋಯಿತು ಎಂಬುದನ್ನು ನಾವಿಬ್ಬರೂ ಸೇರಿ ಹುಡುಕಿದ ಕಥೆ ಇದು. ಬರೆಯಲು ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ. ಆಕೆಯ ಹೆಸರನ್ನೂ ವಿಶ್ವವಿದ್ಯಾಲಯದ ಹೆಸರನ್ನೂ ಬಿಟ್ಟಿದ್ದೇನೆ. ನಾನು ಅದೇ ದೇಶದಲ್ಲಿ ಇಂಥದ್ದೇ ಪರೀಕ್ಷೆ ಬರೆದು ಓದಿದವಳು, ಈಗ ಅಲ್ಲೇ ಎಂಜಿನಿಯರ್. ಪರಿಚಯದವರೊಬ್ಬರ ಮೂಲಕ ನನ್ನ ನಂಬರು ಆಕೆಗೆ ಸಿಕ್ಕಿತ್ತು.

ಹುಡುಗಿ ಎಲ್ಲಿಂದ ಬಂದವಳು

ಮಡಿಕೇರಿ ತಾಲ್ಲೂಕಿನ ಗುಡ್ಡದ ಊರು. ತಂದೆಗೆ ಸಣ್ಣ ಕಾಫಿ ತೋಟ, ನಡುವೆ ಕಾಳುಮೆಣಸಿನ ಬಳ್ಳಿ. ಎಸ್‌ಎಸ್‌ಎಲ್‌ಸಿವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮ, ಪಿಯುಸಿ ಮೈಸೂರಿನಲ್ಲಿ, ಆಮೇಲೆ ವಿಟಿಯುಗೆ ಸೇರಿದ ಒಂದು ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮೊದಲ ವರ್ಷ ಮುಗಿಸಿ ಮನೆಯಲ್ಲಿದ್ದಳು. ಮನೆ ಉಳಿಯಿತು. ಚಿಕ್ಕಪ್ಪನ ತೋಟದ ಕೆಳಭಾಗ ರಾತ್ರೋರಾತ್ರಿ ಹೊಳೆಗೆ ಇಳಿದಿತ್ತು. ಮಣ್ಣು ಯಾಕೆ ಹಾಗೆ ಹರಿಯಿತು ಎಂಬ ಪ್ರಶ್ನೆಯನ್ನು ಆಕೆ ಅಲ್ಲಿಂದ ಮುಂದೆ ಬಿಡಲೇ ಇಲ್ಲ.

ಜಪಾನ್ ಯಾಕೆ ಎಂದರೆ ಇದೇ ಕಾರಣ. ಇಳಿಜಾರುಗಳ ಸವೆತ, ಮಣ್ಣಿನ ಹರಿವು ತಡೆಯುವ ವಿದ್ಯೆಗೆ ಅಲ್ಲಿ 'ಸಾಬೊ' ಎಂಬ ಹೆಸರಿದೆ. ಬೇರೆ ದೇಶಗಳ ಎಂಜಿನಿಯರುಗಳೂ ಆ ಪದವನ್ನೇ ಬಳಸುವಷ್ಟು ಅದು ಬೆಳೆದಿದೆ. 2017ರ ಜುಲೈನಲ್ಲಿ ಉತ್ತರ ಕ್ಯೂಶುವಿನಲ್ಲೂ ದೊಡ್ಡ ಮಳೆಗೆ ಗುಡ್ಡಗಳು ಜಾರಿದ್ದವು. ಅಲ್ಲಿನ ಪ್ರಾಧ್ಯಾಪಕರೊಬ್ಬರ ಲೇಖನಗಳನ್ನು ಓದಿ ಅವರಿಗೆ ಪತ್ರ ಬರೆದಳು. ಎರಡು ಸುತ್ತು ಪತ್ರವ್ಯವಹಾರ, ಒಂದು ಆನ್‌ಲೈನ್ ಮಾತುಕತೆ ಆದ ಮೇಲೆ, ಮೊದಲು ಸಂಶೋಧನಾ ವಿದ್ಯಾರ್ಥಿಯಾಗಿ ಬರಬಹುದು ಎಂದು ಅವರು ಒಪ್ಪಿದರು.

ಊರಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ಜಪಾನಿನಲ್ಲಿ ಸೀಟು ಸಿಕ್ಕಿತು.

ಮೊದಲ ತಪ್ಪು ಈ 'ಸೀಟು' ಎಂಬ ಪದದಲ್ಲೇ ಇದೆ. ನಮ್ಮಲ್ಲಿ ಸಿಇಟಿ ಬರೆದರೆ ರ್‍ಯಾಂಕ್ ಬರುತ್ತದೆ, ರ್‍ಯಾಂಕಿಗೆ ತಕ್ಕ ಸೀಟು ಬರುತ್ತದೆ. ಯಾವ ಮೇಷ್ಟರ ಒಪ್ಪಿಗೆಯೂ ಬೇಕಿಲ್ಲ. ಜಪಾನಿನಲ್ಲಿ ಮೇಷ್ಟರ ಒಪ್ಪಿಗೆ ಮೊದಲು ಬೇಕು. ಅದಕ್ಕೆ 'ನೈದಾಕು' ಎನ್ನುತ್ತಾರೆ, ಒಳಗಿನ ಒಪ್ಪಿಗೆ ಎಂದರ್ಥ. ಆದರೆ ಅದು ಪ್ರವೇಶವಲ್ಲ. ಪ್ರವೇಶ ಕೊಡುವುದು ವಿಭಾಗ, ಪರೀಕ್ಷೆ ಬರೆಸಿ. 'ಕೆನ್‌ಕ್ಯೂಸೆಯ್' ಎಂಬ ಸಂಶೋಧನಾ ವಿದ್ಯಾರ್ಥಿಗೆ ಪದವಿಯ ಲೆಕ್ಕಕ್ಕೆ ಏನೂ ಸೇರುವುದಿಲ್ಲ. ಪ್ರಯೋಗಾಲಯದಲ್ಲಿ ಒಂದು ಮೇಜು, ಗ್ರಂಥಾಲಯದ ಕಾರ್ಡು, ವೀಸಾ, ಪರೀಕ್ಷೆಗೆ ಓದಲು ಸಮಯ, ಇಷ್ಟೇ. ಬೇರೆ ದಾರಿಗಳೂ ಇವೆ. ಇಂಗ್ಲಿಷಿನಲ್ಲಿ ನಡೆಯುವ ಕೆಲವು ಕೋರ್ಸುಗಳಿಗೆ ದಾಖಲೆ ಮತ್ತು ಸಂದರ್ಶನವಷ್ಟೇ ಸಾಕು. ಈಕೆಗೆ ಬೇಕಿದ್ದ ಪ್ರಯೋಗಾಲಯ ಅಂಥ ಕೋರ್ಸಿನಲ್ಲಿ ಇರಲಿಲ್ಲ.

ಅರ್ಹತೆಯ ವಿಷಯದಲ್ಲಿ ಈಕೆಗೆ ತೊಂದರೆಯಾಗಲಿಲ್ಲ. ಹನ್ನೆರಡು ವರ್ಷ ಶಾಲೆ, ನಾಲ್ಕು ವರ್ಷ ಬಿ.ಇ., ಒಟ್ಟು 16. ಸಾಮಾನ್ಯವಾಗಿ ಕೇಳುವುದೂ ಅಷ್ಟೇ ವರ್ಷದ ಓದು. ಮೂರು ವರ್ಷದ ಬಿ.ಎಸ್ಸಿ. ಮುಗಿಸಿದವರು 15ಕ್ಕೆ ನಿಲ್ಲುತ್ತಾರೆ. ಅಂಥವರು ಪರೀಕ್ಷೆಗೆ ಅರ್ಜಿ ಹಾಕುವ ಮೊದಲೇ ಪ್ರತ್ಯೇಕ ಅರ್ಹತಾ ಪರಿಶೀಲನೆ ಕೇಳಬೇಕಾಗಬಹುದು, ಅದರ ಕೊನೆಯ ದಿನಾಂಕ ಇನ್ನೂ ಮುಂಚೆ ಬರುತ್ತದೆ. ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಹಾಗಾಗಿ ಮುಂದೆ ಜಪಾನಿಗೆ ಬರಬೇಕೆಂದಿರುವ ನಮ್ಮ ವಿಜ್ಞಾನದ ಮಕ್ಕಳು ಈ ಒಂದು ಸಾಲನ್ನು ಪ್ರವೇಶ ಸೂಚನೆಯಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಿ ಓದಬೇಕು.

ಅಕ್ಟೋಬರ್‌ನಿಂದ ಆಗಸ್ಟ್

2022ರ ಅಕ್ಟೋಬರಿನಲ್ಲಿ ಬಂದಳು, ಸ್ಕಾಲರ್‌ಶಿಪ್ ಇಲ್ಲದೆ. ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನಾ ವಿದ್ಯಾರ್ಥಿಗೆ ಅರ್ಜಿ ಪರಿಶೀಲನೆಗೆ 9,800 ಯೆನ್, ದಾಖಲಾತಿಗೆ 84,600, ತಿಂಗಳಿಗೆ 29,700. ವಾರಕ್ಕೆ 28 ಗಂಟೆ ಮೀರದಂತೆ ಕೆಲಸ ಮಾಡಲು ಅನುಮತಿ ಸಿಗುತ್ತದೆ. ಸಂಜೆ ಹೊತ್ತು ಒಂದು ಊಟದ ಡಬ್ಬಿ ಕಟ್ಟುವ ಕಾರ್ಖಾನೆಗೆ ಹೋಗುತ್ತಿದ್ದಳು. ಬಾಡಿಗೆ, ಅಕ್ಕಿ, ಬೇಳೆ ಅದರಲ್ಲಿ ನಡೆಯುತ್ತಿತ್ತು. ಫೀಸು ಮಾತ್ರ ಊರಿನಿಂದ.

ಅಲ್ಲಿನ ವಿದ್ಯಾರ್ಥಿಗಳು ಈ ಪರೀಕ್ಷೆಗೆ 'ಇನ್‌ಶಿ' ಎನ್ನುತ್ತಾರೆ. ಅರ್ಜಿ ಜೂನ್-ಜುಲೈನಲ್ಲಿ, ಪರೀಕ್ಷೆ ಆಗಸ್ಟ್ ಕೊನೆಗೆ. ಈಕೆಯ ವಿಭಾಗದಲ್ಲಿ ಇಂಗ್ಲಿಷಿಗೆ ಬೇರೆ ಪತ್ರಿಕೆ ಇರಲಿಲ್ಲ, ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿ ಲಗತ್ತಿಸಬೇಕಿತ್ತು. ಎಂಜಿನಿಯರಿಂಗ್ ಇಂಗ್ಲಿಷಿನಲ್ಲೇ ಓದಿದ್ದರಿಂದ ವಿನಾಯಿತಿ ಇರುತ್ತದೆ ಎಂದುಕೊಂಡು ಏಪ್ರಿಲ್‌ವರೆಗೆ ಸುಮ್ಮನಿದ್ದಳು. ವಿನಾಯಿತಿ ಇರಲಿಲ್ಲ. ಮೇ ತಿಂಗಳ ಟೋಯಿಕ್‌ಗೆ ಹೆಸರು ಕೊಟ್ಟು, ಅರ್ಜಿಯ ಗಡುವಿಗೆ ಕೆಲವೇ ದಿನ ಮೊದಲು ಅಂಕಪಟ್ಟಿ ಕೈಗೆ ಬಂತು.

ಬರಹದ ಪರೀಕ್ಷೆಯಲ್ಲಿ ಬೆಳಿಗ್ಗೆ ಗಣಿತ, ಮಧ್ಯಾಹ್ನ ರಚನಾ ಬಲಶಾಸ್ತ್ರ, ಮಣ್ಣಿನ ಬಲಶಾಸ್ತ್ರ, ಜಲಶಾಸ್ತ್ರ. ಮರುದಿನ ಸಂದರ್ಶನ. ಪ್ರಶ್ನೆಗಳು ಜಪಾನೀಸಿನಲ್ಲಿ, ಉತ್ತರವನ್ನು ಇಂಗ್ಲಿಷಿನಲ್ಲೂ ಬರೆಯಬಹುದು. ಹಾಗಾಗಿ ಆಕೆ ಭಾಷೆಗೆ ತುಂಬ ದುಡಿದಳು. ಪಾರಿಭಾಷಿಕ ಪದಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಐಗನ್‌ವ್ಯಾಲ್ಯೂಗೆ 'ಕೊಯೂಚಿ', ಬೀಮಿಗೆ 'ಹಾರಿ'. ಮ್ಯಾಟ್ರಿಕ್ಸಿಗೆ 'ಗ್ಯೋರೆತ್ಸು', ಜನ ಸಾಲಾಗಿ ನಿಲ್ಲುವುದಕ್ಕೂ ಅದೇ ಪದ. ಅಂಗಡಿಯ ಮುಂದಿನ ಕ್ಯೂ ತೋರಿಸಿ ಗೆಳತಿ "ಗ್ಯೋರೆತ್ಸು" ಎಂದಾಗ ಆಕೆಗೆ ಎಲ್ಲಿಲ್ಲದ ಸಂತೋಷ. ಆ ಪದ ಮತ್ತೆ ಮರೆಯಲಿಲ್ಲ.

ಗಣಿತ, ವಿಷಯಜ್ಞಾನದ ಬಗ್ಗೆ ಆಕೆಗೂ ಚಿಂತೆ ಇರಲಿಲ್ಲ, ನನಗೂ ಇರಲಿಲ್ಲ. 2021ರಲ್ಲಿ ಗೇಟ್, ಅಂದರೆ ನಮ್ಮಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶಕ್ಕೆ ನಡೆಯುವ ಪರೀಕ್ಷೆ, ಬರೆದು ಒಳ್ಳೆಯ ಅಂಕ ತೆಗೆದವಳು. ಹಳೆಯ ಪ್ರಶ್ನೆಪತ್ರಿಕೆಗಳನ್ನು, ಅಂದರೆ 'ಕಾಕೊಮೊನ್'ಗಳನ್ನು, ವಿಭಾಗವೇ ಕೊಡುತ್ತದೆ. ಉತ್ತರ ಕೊಡುವುದಿಲ್ಲ. ಅಲ್ಲೇ ಓದುವ ನಾಲ್ಕನೇ ವರ್ಷದ ಹುಡುಗರ ಬಳಿ ಹಿರಿಯರು ಬಿಡಿಸಿಟ್ಟ ಉತ್ತರಗಳು ವರ್ಷದಿಂದ ವರ್ಷಕ್ಕೆ ಕೈಬದಲಾಗಿ ಬಂದಿರುತ್ತವೆ. ಈ ನಾಲ್ಕನೇ ವರ್ಷದವರನ್ನು 'ಬಿ4' ಎನ್ನುತ್ತಾರೆ, ಅವರೂ ಅದೇ ಪರೀಕ್ಷೆ ಬರೆಯುತ್ತಾರೆ. ನಾಲ್ಕೈದು ಜನ ಕೂಡಿ, ಒಬ್ಬರು ಬೋರ್ಡಿನ ಮೇಲೆ ಬಿಡಿಸುವುದು, ಉಳಿದವರು ಪ್ರಶ್ನೆ ಹಾಕುವುದು ಅವರ ರೂಢಿ. ಈಕೆಯನ್ನು ಕರೆದರು ಕೂಡ. ಜಪಾನೀಸಿನಲ್ಲಿ ಬೋರ್ಡಿನ ಮುಂದೆ ನಿಲ್ಲಲು ಅಂಜಿ, ಹೋಗಲಿಲ್ಲ. ಕೋಣೆಯಲ್ಲಿ ಒಬ್ಬಳೇ ಕೂತು ಲೆಕ್ಕ ಬಿಡಿಸಿ, ಉತ್ತರ ಬಂದಿತೆಂದರೆ ಮುಂದಿನದಕ್ಕೆ ಹೋಗುತ್ತಿದ್ದಳು.

ನಾನು ವಾರಕ್ಕೊಮ್ಮೆ ಫೋನಿನಲ್ಲಿ "ಎಷ್ಟು ಪತ್ರಿಕೆ ಆಯಿತು?" ಎಂದು ಕೇಳುತ್ತಿದ್ದೆ. ಬಿಡಿಸಿದ್ದನ್ನು ಒಮ್ಮೆಯೂ ತೋರಿಸು ಅನ್ನಲಿಲ್ಲ. ಅದು ನನ್ನ ತಪ್ಪು. ಇವತ್ತಿಗೂ ಬೇಸರವಿದೆ.

ಉತ್ತರಪತ್ರಿಕೆಯಲ್ಲಿ ಏನಿತ್ತು

ಫಲಿತಾಂಶದ ನಂತರ ನಾಲ್ಕು ದಿನ ಆಕೆ ಪ್ರಯೋಗಾಲಯದ ಕಡೆ ಹೋಗಲಿಲ್ಲ. ಮುಖ ತೋರಿಸುವುದು ಹೇಗೆ ಎಂಬ ಸಂಕಟ. ನಾನು ಒಂದು ಕೆಲಸ ಹೇಳಿದೆ: "ನೆನಪಿದ್ದಷ್ಟು ಪ್ರಶ್ನೆಗಳನ್ನು, ಅಲ್ಲಿ ಬರೆದ ಉತ್ತರಗಳನ್ನು ಹಾಗೆಯೇ ಮತ್ತೆ ಬರೆದು ಫೋಟೋ ಕಳಿಸು. ಚಂದ ಮಾಡಬೇಡ." ಹನ್ನೊಂದು ಹಾಳೆ ಬಂತು. ಓದುತ್ತಾ ಹೋದಂತೆ ನನಗೆ ಅರ್ಥವಾಯಿತು.

ಗಣಿತದ ಮೊದಲ ಪ್ರಶ್ನೆ ರಿಯಲ್ ಸಿಮೆಟ್ರಿಕ್ ಮ್ಯಾಟ್ರಿಕ್ಸಿನ ಮೇಲೆ, ಅಂದರೆ ಕರ್ಣದ ಎರಡೂ ಬದಿಗೆ ಒಂದೇ ಸಂಖ್ಯೆಗಳಿರುವ ಚೌಕದ ಮೇಲೆ, ಮೂರು ಭಾಗ. ಒಂದು, ಅದರ ಐಗನ್‌ವ್ಯಾಲ್ಯೂಗಳು ರಿಯಲ್ (ವಾಸ್ತವ ಸಂಖ್ಯೆಗಳು) ಆಗಿರುತ್ತವೆ ಎಂದು ತೋರಿಸಿ. ಎರಡು, ಬೇರೆ ಬೇರೆ ಐಗನ್‌ವ್ಯಾಲ್ಯೂಗಳ ವೆಕ್ಟರುಗಳು ಒಂದಕ್ಕೊಂದು ಲಂಬವಾಗಿರುತ್ತವೆ ಎಂದು ತೋರಿಸಿ. ಮೂರು, ಕೊಟ್ಟ ಮ್ಯಾಟ್ರಿಕ್ಸಿಗೆ ಇವುಗಳನ್ನು ಕಂಡುಹಿಡಿಯಿರಿ. ಆಕೆ ಮೂರನೆಯದನ್ನು ಸರಿಯಾಗಿ ಮಾಡಿದ್ದಳು. ಮೊದಲನೆಯದಕ್ಕೆ ಬರೆದದ್ದು ಒಂದೇ ಸಾಲು: ಕೆಳಗೆ ಕಂಡುಹಿಡಿದ ಮೂರೂ ರಿಯಲ್ ಆಗಿವೆ. ಎರಡನೆಯದಕ್ಕೂ ಹಾಗೆಯೇ, ಕೆಳಗಿನ ವೆಕ್ಟರುಗಳ ಡಾಟ್ ಪ್ರಾಡಕ್ಟ್ ಸೊನ್ನೆ ಎಂದು. ಒಂದು ಉದಾಹರಣೆಯಲ್ಲಿ ನಿಜವಾದದ್ದು ಎಲ್ಲ ಸಿಮೆಟ್ರಿಕ್ ಮ್ಯಾಟ್ರಿಕ್ಸಿಗೂ ನಿಜ ಎಂದು ಅದರಿಂದ ಹೇಗೆ ಬಂತು?

ಮಣ್ಣಿನ ಬಲಶಾಸ್ತ್ರದಲ್ಲಿ ಟೆರ್ಜಾಗಿಯ ಕನ್ಸಾಲಿಡೇಶನ್ (ನೀರು ಹೊರಹೋಗುತ್ತಾ ಮಣ್ಣು ನಿಧಾನವಾಗಿ ಕುಗ್ಗುವುದು) ಸಮೀಕರಣವನ್ನು, ಮಣ್ಣಿನೊಳಗಿನ ನೀರಿನ ಹರಿವನ್ನು ಹೇಳುವ ಡಾರ್ಸಿಯ ನಿಯಮದಿಂದ ಹೊರಡಿಸಿ ಎಂದಿತ್ತು, ಜೊತೆಗೆ ಜೇಡಿಪದರದ ಒಟ್ಟು ಕುಗ್ಗುವಿಕೆಯಲ್ಲಿ ಶೇಕಡಾ 90 ಮುಗಿಯಲು ಎಷ್ಟು ಕಾಲ ಎಂದು. ಆಕೆ ಸಮೀಕರಣವನ್ನು ನೇರವಾಗಿ ಬರೆದು, ಶೇಕಡಾ 90ಕ್ಕೆ ಬಳಸುವ 0.848 ಎಂಬ ಕಾಲದ ಗುಣಾಂಕವನ್ನು ನೆನಪಿನಿಂದ ಹಾಕಿ, ಕಾಲವನ್ನು ಸರಿಯಾಗಿ ತೆಗೆದಿದ್ದಳು. ಹೊರಡಿಸುವ ಭಾಗ ಖಾಲಿ ಬಿಟ್ಟಂತೆಯೇ. ಗೇಟ್ ಪತ್ರಿಕೆಯಲ್ಲಾದರೆ ಇದಕ್ಕೆ ಪೂರ್ತಿ ಅಂಕ. 65 ಪ್ರಶ್ನೆ, ಮೂರು ಗಂಟೆ. ಅಲ್ಲಿ ದಾರಿ ಕೇಳುವವರೇ ಇಲ್ಲ. ತಲುಪಿದೆಯಾ ಎಂದಷ್ಟೇ ಯಂತ್ರ ನೋಡುತ್ತದೆ.

ಬೀಮಿನ ಬೆಂಡಿಂಗ್ ಮೊಮೆಂಟ್ (ಎಲ್ಲಿ ಎಷ್ಟು ಬಾಗಿಸುವ ಪರಿಣಾಮ ಎಂಬುದರ) ಚಿತ್ರದಲ್ಲಿ ಮತ್ತೊಂದು ಎಡವಟ್ಟು. ಬೀಮು ಕೆಳಕ್ಕೆ ಬಾಗುವಾಗಿನ ಮೊಮೆಂಟನ್ನು ನಾವು ಗೆರೆಯ ಮೇಲೆ ಬರೆದು ಕಲಿತವರು. ಜಪಾನಿನಲ್ಲಿ ಬೀಮಿನ ಯಾವ ಬದಿ ಎಳೆತಕ್ಕೆ ಒಳಗಾಗುತ್ತದೋ ಆ ಬದಿಗೆ ಬರೆಯುತ್ತಾರೆ, ಅಂದರೆ ಗೆರೆಯ ಕೆಳಗೆ. ಎರಡೂ ಸರಿಯೇ. ಆದರೆ ಆಕೆಯ ಚಿತ್ರದಲ್ಲಿ ಪ್ಲಸ್, ಮೈನಸ್ ಇರಲಿಲ್ಲ, ಯಾವುದನ್ನು ಧನ ಎಂದು ಹಿಡಿದಿದ್ದೇನೆ ಎಂಬ ಸಾಲೂ ಇರಲಿಲ್ಲ. ತಿದ್ದುವವರ ಕಣ್ಣಿಗೆ ಅದು ತಲೆಕೆಳಗಾದ ಚಿತ್ರ.

ಕೊನೆಗೆ ನಾನು ಕೇಳಿದೆ, "ಮೂಲ ಜಪಾನೀಸ್ ಪ್ರಶ್ನೆಯ ಕೊನೆಯ ಪದ ಏನಿತ್ತು?"

"ಶಿಮೆಸೆ."

"ಅಂದರೆ?"

"ತೋರಿಸಿ."

ಅರ್ಥ ಸರಿಯೇ. ಆದರೆ ಗಣಿತದ ಪತ್ರಿಕೆಯಲ್ಲಿ ಶಿಮೆಸೆ ಬೇರೆ, 'ಮೊತೊಮೆಯೊ' ಬೇರೆ. ಮೊತೊಮೆಯೊ ಎಂದರೆ ಕಂಡುಹಿಡಿ, ಉತ್ತರ ಬೇಕು. ಶಿಮೆಸೆ ಎಂದರೆ ಉತ್ತರ ಆಗಲೇ ಕೊಟ್ಟಿದೆ, ಅದು ಯಾಕೆ ನಿಜ ಎಂದು ಒಪ್ಪಿಸು. ಆಕೆ ನೂರಾರು ನಾಮಪದ ಬಾಯಿಪಾಠ ಮಾಡಿದ್ದಳು. ಪ್ರತಿ ಪ್ರಶ್ನೆಯ ಕೊನೆಯಲ್ಲಿ ಕೂತಿದ್ದ ಈ ನಾಲ್ಕಾರು ಕ್ರಿಯಾಪದಗಳನ್ನು ಗೋಡೆಗೆ ಅಂಟಿಸಿರಲಿಲ್ಲ.

ಆಗ ನನಗೆ ನಮ್ಮ ಗಣಿತ ಪುಸ್ತಕ ನೆನಪಾಯಿತು. "ಹತ್ತನೇ ಕ್ಲಾಸಿನಲ್ಲಿ ಪೈಥಾಗೊರಸ್ ಪ್ರಮೇಯ ನಿರೂಪಿಸಿ ಸಾಧಿಸಿ ಅಂತ ಬರುತ್ತಿತ್ತಲ್ಲ, ಹೇಗೆ ಬರೆಯುತ್ತಿದ್ದೆ?" ಆ ಕಡೆಯಿಂದ ತಡವಿಲ್ಲದೆ ಬಂತು: "ದತ್ತ, ಸಾಧನೀಯ, ರಚನೆ, ಸಾಧನೆ." ಹೇಳಿ ಮುಗಿಸಿದವಳು ಸುಮ್ಮನಾದಳು. ನಾನೂ ಸುಮ್ಮನಿದ್ದೆ. ಅಷ್ಟರಲ್ಲಿ ಆಕೆಗೇ ಹೊಳೆದಿತ್ತು.

ಕೊಟ್ಟಿರುವುದು ಏನು, ಸಾಧಿಸಬೇಕಾದದ್ದು ಏನು, ಅದಕ್ಕಾಗಿ ನಾನು ಏನನ್ನು ಎಳೆದುಕೊಳ್ಳುತ್ತೇನೆ, ಪ್ರತಿ ಸಾಲಿಗೂ ಕಾರಣ ಏನು. ಹದಿನೈದನೇ ವಯಸ್ಸಿನಲ್ಲಿ, ಸರ್ಕಾರಿ ಶಾಲೆಯ ಬೆಂಚಿನ ಮೇಲೆ, ಕನ್ನಡದಲ್ಲಿ ಆಕೆ ಬರೆಯುತ್ತಿದ್ದದ್ದನ್ನೇ ಈ ಪರೀಕ್ಷೆ ಕೇಳಿತ್ತು. ನಡುವಿನ ಆರು ವರ್ಷ, ಸಿಇಟಿಯಿಂದ ಗೇಟ್‌ವರೆಗೆ, ನಾಲ್ಕರಲ್ಲಿ ಒಂದನ್ನು ಆರಿಸುವುದರಲ್ಲಿ ಆ ಕೈ ಮರೆತುಹೋಗಿತ್ತು. ಕನ್ನಡ ಮಾಧ್ಯಮದಿಂದ ಬಂದದ್ದು ಒಂದು ಕೊರತೆ ಎಂದು ಆಕೆ ಅಲ್ಲಿಯವರೆಗೂ ಒಳಗೊಳಗೇ ನಂಬಿದ್ದಳು. ಇದನ್ನು ಕೇಳಿದಾಗ ನನಗೆ ನಿಜಕ್ಕೂ ದುಃಖವಾಯಿತು.

ಮತ್ತೆ ಆರು ತಿಂಗಳು

ಐದನೇ ದಿನ ಪ್ರಾಧ್ಯಾಪಕರ ಬಳಿ ಹೋದಳು. ಅಂಕಗಳ ಬಗ್ಗೆ ಅವರು ಮಾತಾಡುವಂತಿಲ್ಲ, ಮಾತಾಡಲೂ ಇಲ್ಲ. ಒಂದು ಖಾಲಿ ಹಾಳೆ ಮುಂದಿಟ್ಟು, ಕನ್ಸಾಲಿಡೇಶನ್ ಸಮೀಕರಣವನ್ನು ಮೊದಲಿನಿಂದ ಹೊರಡಿಸು ಎಂದರು. ಎರಡನೇ ಸಾಲಿಗೆ ನಿಂತಳು. ಅವರು ಬೈಯಲಿಲ್ಲ. ಜನವರಿ ಕೊನೆಗೆ ಎರಡನೇ ಸುತ್ತಿನ ಪರೀಕ್ಷೆ ಇದೆ, ಬರೆಯುವುದಾದರೆ ಸಂಶೋಧನಾ ವಿದ್ಯಾರ್ಥಿಯ ಅವಧಿ ಮುಂದುವರಿಸಲು ಸಹಿ ಹಾಕುತ್ತೇನೆ ಎಂದರು. ಎಲ್ಲ ವಿಭಾಗಗಳಲ್ಲೂ ಎರಡನೇ ಸುತ್ತು ಇರುವುದಿಲ್ಲ, ಇದ್ದರೂ ಜಾಗ ಕಡಿಮೆ.

ಆರು ತಿಂಗಳಿಗೆ ಮತ್ತೆ 1,78,200 ಯೆನ್, ವೀಸಾ ಅವಧಿ ವಿಸ್ತರಣೆಗೆ 4,000, ಪರೀಕ್ಷೆಗೆ ಇನ್ನೊಮ್ಮೆ 30,000. ಮನೆಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿದಳು. ತಂದೆ ಪೂರ್ತಿ ಕೇಳಿ, "ಮೆಣಸು ಇನ್ನೂ ಮಾರಿಲ್ಲ. ನೀನು ಬರೆ" ಎಂದರಂತೆ.

ಓದಿನ ಕ್ರಮವನ್ನು ಬುಡದಿಂದ ಬದಲಿಸಿದೆವು. ಐದು ವರ್ಷದ ಪತ್ರಿಕೆಗಳು ಮಾತ್ರ. ದಿನಕ್ಕೆ ಎರಡೇ ಪ್ರಶ್ನೆ. ಪ್ರತಿ ಹಾಳೆಯ ಎಡಬದಿಯಲ್ಲಿ ಕನ್ನಡದಲ್ಲಿ ಆ ನಾಲ್ಕು ಪದ, ಬಲಬದಿಯಲ್ಲಿ ಇಂಗ್ಲಿಷಿನಲ್ಲಿ ಉತ್ತರ. ರಾತ್ರಿ ಫೋಟೋ ನನಗೆ. ನಾನು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದೆ: ಈ ಸಾಲು ಹಿಂದಿನ ಸಾಲಿನಿಂದ ಯಾಕೆ ಬಂತು? ಮೊದಲ ಎರಡು ವಾರ ಬಹಳ ಕಷ್ಟವಾಯಿತು. ಮಣ್ಣಿನ ಒಂದು ತೆಳು ಪದರ ತೆಗೆದುಕೊಂಡು, ಕೆಳಗಿನಿಂದ ಒಳಬರುವ ನೀರಿಗೂ ಮೇಲಿನಿಂದ ಹೊರಹೋಗುವ ನೀರಿಗೂ ಇರುವ ವ್ಯತ್ಯಾಸವೇ ಆ ಪದರ ಕುಗ್ಗಿದ ಗಾತ್ರ ಎಂಬ ಸರಳ ವಿಷಯವನ್ನು ವಾಕ್ಯದಲ್ಲಿ ಬರೆಯಲು ಮೂರು ರಾತ್ರಿ ಬೇಕಾಯಿತು. ಸೂತ್ರ ಗೊತ್ತಿತ್ತು, ನೀರು ಎಲ್ಲಿ ಹೋಯಿತು ಎಂದು ಆಕೆ ಯಾವತ್ತೂ ಕೇಳಿಕೊಂಡಿರಲಿಲ್ಲ.

ಬಿ4 ಹುಡುಗರ ಪರೀಕ್ಷೆ ಆಗಸ್ಟಿನಲ್ಲೇ ಮುಗಿದಿತ್ತು. ಆದರೂ ಇಬ್ಬರು ವಾರಕ್ಕೊಂದು ದಿನ ಬೋರ್ಡಿನ ಮುಂದೆ ಕೂತರು, ಆಕೆಗೋಸ್ಕರ. ಅರ್ಧ ಜಪಾನೀಸ್, ಅರ್ಧ ಇಂಗ್ಲಿಷ್, ಉಳಿದದ್ದು ಸೀಮೆಸುಣ್ಣ. ಮೊಮೆಂಟ್ ಚಿತ್ರವನ್ನು ಕೆಳಮುಖವಾಗಿ ಬರೆಯುವ ಅಭ್ಯಾಸ ಆದದ್ದು ಅಲ್ಲೇ. ಬೇಸಿಗೆಯಲ್ಲೇ ಅವರ ಜೊತೆ ಕೂತಿದ್ದರೆ ಆಗಸ್ಟಿನಲ್ಲೇ ಮುಗಿಯುತ್ತಿತ್ತೇನೋ. ಒಬ್ಬರೇ ಕೂತು ಓದುವುದೇ ಶಿಸ್ತು ಎಂದು ನಮ್ಮ ಮಕ್ಕಳಿಗೆ ನಾವೇ ಕಲಿಸಿದ್ದೇವೆ. ಈ ಪರೀಕ್ಷೆಗೆ ಅದು ಒಗ್ಗುವುದಿಲ್ಲ.

ಜನವರಿಯ ಪತ್ರಿಕೆಯಲ್ಲಿ ಮಣ್ಣಿನ ಭಾಗದ ಎರಡನೇ ಪ್ರಶ್ನೆ ಅಂತ್ಯವಿಲ್ಲದ ಇಳಿಜಾರಿನದು. ಒಣ ಮರಳುಮಣ್ಣಿನ ಇಳಿಜಾರಿನ ಸುರಕ್ಷತಾ ಅಂಶವನ್ನು, ಅಂದರೆ ಜಾರದಂತೆ ತಡೆಯುವ ಬಲಕ್ಕೂ ಜಾರಿಸುವ ಬಲಕ್ಕೂ ಇರುವ ಅನುಪಾತವನ್ನು, ಹೊರಡಿಸಿ. ಮೇಲ್ಮೈವರೆಗೂ ನೀರು ತುಂಬಿ ಇಳಿಜಾರಿಗೆ ಸಮಾನಾಂತರವಾಗಿ ಹರಿಯುತ್ತಿದ್ದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ತೋರಿಸಿ. ಶಿಮೆಸೆ. ಗೇಟ್‌ಗೆ ಓದುವಾಗ ಈ ಸೂತ್ರವನ್ನು ಎಷ್ಟೋ ಸಲ ಬಳಸಿದ್ದಳು. ಈ ಸಲ ಮಣ್ಣಿನ ಒಂದು ಹೋಳು ಬಿಡಿಸಿ, ಅದರ ತೂಕ, ಬುಡದ ಮೇಲಿನ ಒತ್ತಡ, ಅದರಿಂದ ಕಳೆಯಬೇಕಾದ ನೀರಿನ ಒತ್ತಡ ಎಂದು ಸಾಲು ಸಾಲಾಗಿ ಬರೆದಳು. "ಅಕ್ಕ, ಬರೀತಾ ಬರೀತಾ ಚಿಕ್ಕಪ್ಪನ ತೋಟ ಕಣ್ಮುಂದೆ ಬಂತು. ಕೈ ನಿಲ್ಲಲಿಲ್ಲ" ಎಂದಳು ಅವತ್ತು ಸಂಜೆ.

ಸಂದರ್ಶನದಲ್ಲಿ ಐದು ನಿಮಿಷ ಆಕೆಯ ಸಂಶೋಧನಾ ಯೋಜನೆ, ಉಳಿದ ಹೊತ್ತು ಪ್ರಶ್ನೆಗಳು. ದಕ್ಷಿಣ ಕ್ಯೂಶುವಿನಲ್ಲಿ 'ಶಿರಾಸು' ಎಂಬ ಜ್ವಾಲಾಮುಖಿ ಬೂದಿಯ ಮಣ್ಣಿದೆ, ಮಳೆಗೆ ಬೇಗ ಜಾರುತ್ತದೆ. ಅದರ ಅಧ್ಯಯನ ನಿಮ್ಮೂರಿನ ಮುರಕಲ್ಲು ಮಣ್ಣಿಗೆ ಹೇಗೆ ಅನ್ವಯಿಸುತ್ತದೆ ಎಂದು ಒಬ್ಬರು ಕೇಳಿದರು. ನೇರವಾಗಿ ಅನ್ವಯಿಸುವುದಿಲ್ಲ, ಎರಡೂ ರೂಪುಗೊಂಡ ರೀತಿಯೇ ಬೇರೆ, ನೀರು ಒಳಗಿಳಿಯುವುದನ್ನು ಅಳೆಯುವ ವಿಧಾನವನ್ನು ಕಲಿತು ಒಯ್ಯಬಹುದು ಎಂದಳು. ಆಗಸ್ಟಿನಲ್ಲಾಗಿದ್ದರೆ "ತುಂಬ ಉಪಯೋಗವಾಗುತ್ತದೆ" ಎಂದು ಹೇಳಿಬಿಡುತ್ತಿದ್ದೆ ಎಂದು ಆಮೇಲೆ ನನ್ನಲ್ಲಿ ಒಪ್ಪಿಕೊಂಡಳು.

ಫೆಬ್ರವರಿಯ ಪಟ್ಟಿ ಚಿಕ್ಕದಿತ್ತು. ಆಕೆಯ ಸಂಖ್ಯೆ ಮೇಲಿನಿಂದ ಎರಡನೆಯದು. ದಾಖಲಾತಿ ಶುಲ್ಕ 2,82,000 ಯೆನ್, ಅರ್ಧ ವರ್ಷದ ಫೀಸು 2,67,900. ತಂದೆ ಮಡಿಕೇರಿಯ ಬ್ಯಾಂಕಿನಲ್ಲಿ, ವಿದೇಶಕ್ಕೆ ಹಣ ಕಳಿಸಲು ಬೇಕಾದ ಎ2 ಫಾರ್ಮ್ ತುಂಬಿ ಕಳಿಸಿದರು. 2024ರ ಏಪ್ರಿಲಿನಲ್ಲಿ ಆಕೆ 'ಎಂ1', ಎಂ.ಎಸ್. ಮೊದಲ ವರ್ಷ.

ಅದೇ ವರ್ಷ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಮಣ್ಣು ರಸ್ತೆ ದಾಟಿ ಗಂಗಾವಳಿ ನದಿಗೆ ನುಗ್ಗಿತ್ತು. ಮರುವಾರದ ಪ್ರಯೋಗಾಲಯ ಸಭೆಯಲ್ಲಿ ಪ್ರಾಧ್ಯಾಪಕರು ಆಕೆಯನ್ನು ಬೋರ್ಡಿಗೆ ಕರೆದರು. ನಕ್ಷೆ ಬಿಡಿಸಿದಳು, ಬೆಟ್ಟವನ್ನು ರಸ್ತೆಗಾಗಿ ಕಡಿದ ಜಾಗ ತೋರಿಸಿದಳು, ಮಣ್ಣಿನ ಹೋಳೊಂದನ್ನು ಬಿಡಿಸಿ ಅದರೊಳಗೆ ನೀರು ಇಳಿಯುವ ದಾರಿ ಗೀಚಿದಳು. ಎಲ್ಲವನ್ನೂ ಜಪಾನೀಸಿನಲ್ಲೇ ಹೇಳಿದಳು, ತಡವರಿಸುತ್ತಾ. ಕೇಳುತ್ತಾ ಕೂತವರಲ್ಲಿ ಆಗಸ್ಟಿನಲ್ಲಿ ಇನ್‌ಶಿ ಬರೆಯಬೇಕಿದ್ದ ಮೂವರು ಬಿ4 ಹುಡುಗರೂ ಇದ್ದರು. ಒಬ್ಬ ಕೈಯೆತ್ತಿ ಕೇಳಿದ, ಮೂರನೇ ಸಾಲು ಎರಡನೆಯದರಿಂದ ಯಾಕೆ ಬಂತು ಎಂದು.